ಥರ್ಮಾಮೀಟರ್ ಮೇಷ್ಟ್ರಿಗೆ, ಬಾಗಿಲ ಸಂದಿಯಿಂದ

ಒಳಗೆ ಮುಖ ಊದಿಸಿಕೊಂಡು ಕೂತಿರುವ ನನ್ನ ಅಣ್ಣನಿಗೆ,

ಕರೆದು ಕರೆದು ಗಂಟಲು ಬಿದ್ದುಹೋಯಿತು. ಅದಕ್ಕೇ ನಿನ್ನ ಬಾಗಿಲ ಮುಂದೆಯೇ ನೆಲದ ಮೇಲೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ನನ್ನ ಮದುವೆ. ನೀನು ಮಾತ್ರ "ಆ ಜನಕ್ಕೆ ಇನ್ನು ಮುಖ ತೋರಿಸಲ್ಲ" ಎಂದು ಅತ್ತಿಗೆಗೆ ಹೇಳಿ, ಮೊನ್ನೆಯ ನಿಶ್ಚಿತಾರ್ಥ ಮುಗಿದಾಗಿನಿಂದ ಚಿಲಕ ಹಾಕಿಕೊಂಡಿದ್ದೀಯ. ಊಟದ ಹೊತ್ತಿಗೆ ಕಳ್ಳಬೆಕ್ಕಿನ ಹಾಗೆ ಅಡುಗೆಮನೆಗೆ ಬಂದು ಹೋಗುವುದು ನಮಗೆ ಗೊತ್ತಿಲ್ಲ ಎಂದುಕೊಂಡಿದ್ದೀಯಾ?

ಮಹರಾಯ, ಆದದ್ದಾದರೂ ಏನು? ನಿಶ್ಚಿತಾರ್ಥದ ಹಾಲ್ ಬಾಗಿಲಿಗೆ ಬಲೂನು ಕಮಾನು ನಾನೇ ಕಟ್ಟುತ್ತೇನೆ ಎಂದೆ ನೀನು. ಏಸಿ ಹಾಕಿದ ತಣ್ಣನೆಯ ಹಾಲ್‌ನಲ್ಲಿ ಕೂತು ಒಂದೊಂದನ್ನೂ ತಮಟೆಯ ಹಾಗೆ ಬಿಗಿಯಾಗುವವರೆಗೆ ಊದಿಸಿದೆ. ಸಾಕು ಎಂದರೆ ಕೇಳಲಿಲ್ಲ. "ಸಡಿಲ ಬಿಟ್ರೆ ನಮ್ಮ ಮನೆ ಕಾರ್ಯ ಜೋಲು ಬಿದ್ದಂಗೆ ಕಾಣತ್ತೆ" ಎಂದು ಇನ್ನೆರಡು ಸಲ ಪಂಪು ಒತ್ತಿದೆ. ಅಷ್ಟರಲ್ಲಿ ಫೋಟೋ ತೆಗೆಯುವವನು ಒಳಗೆ ಬೆಳಕು ಸಾಲದು ಎಂದ. ಕಮಾನನ್ನು ಎತ್ತಿ ನಡುಮಧ್ಯಾಹ್ನದ ಉರಿಬಿಸಿಲಿಗೆ ತಂದು ನಿಲ್ಲಿಸಿದವನೂ ನೀನೇ.

ಬಿಸಿಯಾದ ಗಾಳಿ ಹಿಗ್ಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿರುವ ರಸಾಯನಶಾಸ್ತ್ರದ ಮೇಷ್ಟ್ರು ನೀನು. ಗಾಳಿ ನಿನ್ನ ಪಾಠ ಮರೆತಿರಲಿಲ್ಲ, ನೀನು ಮರೆತಿದ್ದೆ. ಗಂಡಿನ ತಾತ ಹರಸಲು ಬಾಯಿ ತೆರೆದರು ನೋಡು, ಢಂ! ಆಮೇಲೆ ಸಾಲಾಗಿ ಢಂಢಂಢಂ. ತಾತ ಮೇಜಿನ ಕೆಳಗೆ. ನಮ್ಮ ಸೋದರತ್ತೆ ಫೋಟೋದವನ ಬೆನ್ನ ಮೇಲೆ. ನಿನ್ನ ಕೈಯಲ್ಲಿ ಬರೀ ದಾರ.

ಎಲ್ಲರೂ ನಕ್ಕರು, ನಿಜ. ನಾನೂ ನಕ್ಕೆ. ನನಗೆ ಜ್ವರ ಬಂದಾಗಲೂ "ಮೈಯಲ್ಲಿ ಶಾಖ ಜಾಸ್ತಿ ಅನ್ನಬೇಡ, ತಾಪಮಾನ ಜಾಸ್ತಿ ಅನ್ನು" ಎಂದು ತಿದ್ದಿದವನು ನೀನು. ಒಂದು ಲೋಟ ಕುದಿಯುವ ನೀರಿಗಿಂತ ಒಂದು ಹಂಡೆ ಉಗುರುಬೆಚ್ಚನೆ ನೀರಿನಲ್ಲೇ ಶಾಖ ಹೆಚ್ಚು ಎಂದು ಬಂದವರಿಗೆಲ್ಲ ವಿವರಿಸಿ, ಅವರ ಕಾಫಿ ಆರಿಸಿದವನೂ ನೀನೇ. ಅಂಥವನು ಒಂದು ಸಲ ಎಡವಿದರೆ ನಗದೆ ಇರುವುದು ಹೇಗೆ ಹೇಳು?

ಇನ್ನೊಂದು ಸುದ್ದಿ. ತಾತ ಸಿಟ್ಟಾಗಿಲ್ಲ. ಕಿವಿ ಮಂದವಾದ ಮೇಲೆ ಅವರಿಗೆ ಇಷ್ಟು ಸ್ಪಷ್ಟವಾಗಿ ಏನೂ ಕೇಳಿಸಿರಲಿಲ್ಲವಂತೆ. "ಆ ಮೇಷ್ಟ್ರು ನನ್ನ ಪಕ್ಕದಲ್ಲೇ ಕೂತ್ಕೋಬೇಕು" ಎಂದು ಇವತ್ತು ಬೆಳಿಗ್ಗೆ ಫೋನ್ ಮಾಡಿ ಮನೆಯವರಿಗೆಲ್ಲ ಹೇಳಿದ್ದಾರೆ.

ಅಣ್ಣ, ಅಪ್ಪ ಹೋದಾಗ ನಾನು ಎರಡನೇ ಕ್ಲಾಸು. ಆವತ್ತಿನಿಂದ ನನ್ನ ಜಡೆ ಹೆಣೆದವನು, ಶಾಲೆಗೆ ಬಿಟ್ಟವನು ನೀನು. ನಾಳೆ ನೀನು ನಿಲ್ಲಬೇಕಾದ ಜಾಗ ಖಾಲಿ ಇದ್ದರೆ ನನಗೆ ಯಾರ ಆಶೀರ್ವಾದವೂ ಬೇಡ. ನೀನಿಲ್ಲದೆ ನಾನು ಈ ಮನೆಯಿಂದ ಹೊರಡುವುದಿಲ್ಲ. ಇದು ಬೆದರಿಕೆಯಲ್ಲ, ಕಾಲೇ ಏಳುವುದಿಲ್ಲ.

ಕಾಗದ ತೂರಿಸಲೆಂದು ಬಗ್ಗಿದೆ. ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಪಾದಗಳು ಕಂಡವು. ಮದುವೆಗೆಂದು ತಂದ ಹೊಸ ಬೂಟು ಹಾಕಿಕೊಂಡು ಕೋಣೆಯೊಳಗೇ ನಡೆದು ನೋಡುತ್ತಿದ್ದೀಯಲ್ಲೋ, ಕಳ್ಳ!

ನೂರು ಕಾಲ ಹೀಗೇ ಬಾಳು, ಮೊದಲು ಚಿಲಕ ತೆಗೆ.

ಆಚೆ ಕಡೆ ಕಾಯುತ್ತಿರುವ,
ನಿನ್ನ ತಂಗಿ