ಕುದುರೆಯ ಎಡಗಣ್ಣು

ಮಂಗಳವಾರ, ಹದಿನಾಲ್ಕನೇ ತಾರೀಖು.

ಮಾಡಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ಊಟವೂ ಸೇರಲಿಲ್ಲ.

ಶುಕ್ರವಾರ ದೇವರನ್ನು ಕೂರಿಸಿ ಮೆರವಣಿಗೆ ಹೊರಡಿಸುವ ಮರದ ಕುದುರೆಗೆ ಕಣ್ಣು ಬರೆಯುವುದೊಂದು ಬಾಕಿಯಿತ್ತು. ಮೈಗೆ ಬಣ್ಣ ಬಳಿಯುವುದು ನಾನು, ಕಣ್ಣು ಬರೆಯುವುದು ಅಣ್ಣ. ಮೂವತ್ತು ವರ್ಷದಿಂದ ಹಾಗೇ. ಬೆಳಿಗ್ಗೆ ಬಲಗಣ್ಣು ಚೆನ್ನಾಗಿಯೇ ಬಂತು. ಎಡಗಣ್ಣಿಗೆ ಅವನ ಕೈ ನಡುಗಿ, ಕಪ್ಪು ಗೆರೆ ಕೆನ್ನೆಯವರೆಗೆ ಜಾರಿತು. ಅವನಿಗದು ಕಾಣಲೇ ಇಲ್ಲ.

"ಹೇಗಿದೆಯೇ?" ಎಂದ.

"ಚೆನ್ನಾಗಿದೆ ಅಣ್ಣ" ಎಂದುಬಿಟ್ಟೆ.

ಮಧ್ಯಾಹ್ನ ಅವನು ಮಲಗಿದಾಗ ಆ ಗೆರೆ ಒರೆಸಿ ಕಣ್ಣನ್ನು ನಾನೇ ಬರೆದೆ.

ಸಂಜೆ ಅರ್ಚಕರು ಬಂದರು. "ಈ ಎಡಗಣ್ಣು ನೋಡಿ, ಜೀವ ತುಂಬಿಬಿಟ್ಟಿದ್ದೀರಲ್ಲ!" ಎಂದು ಅಣ್ಣನ ಕೈ ಹಿಡಿದುಕೊಂಡರು. ಅವನ ಮುಖ ಅರಳಿತು. ನಾನು ಕುಂಚ ತೊಳೆಯುತ್ತ ನಿಂತೆ. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಅವರು ಹೋದ ಮೇಲೆ ಅಣ್ಣ ಬಲಗಣ್ಣನ್ನು ಮುಟ್ಟಿ ನೋಡಿದ, ಒಣಗಿತ್ತು. ಎಡಗಣ್ಣನ್ನು ಮುಟ್ಟಿದ, ಬೆರಳ ತುದಿಗೆ ಕಪ್ಪು ಹತ್ತಿತು. ಅದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಮೂಲೆಯಲ್ಲಿದ್ದ, ಇನ್ನೂ ಕಣ್ಣಿಲ್ಲದ ಮರದ ಗರುಡನ ಕಡೆ ಕೈ ತೋರಿಸಿದ.

"ನಾಳೆ ಅದರ ಕಣ್ಣು ನೀನೇ ಬರಿ. ಕದ್ದು ಬೇಡ. ನನ್ನ ಎದುರಿಗೇ ಬರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು. ಅವನ ಕೋಣೆಯ ದೀಪವೂ ಇನ್ನೂ ಆರಿಲ್ಲ. ಎದ್ದು ಹೋಗಲೇ? ಹೋಗಿ ಏನಂತ ಹೇಳಲಿ, ನಿನ್ನ ಕೈ ನಡುಗಿದ್ದು ನನಗೆ ಕಂಡಿತ್ತು ಅಂತಲೇ?