ಟೀವಿಯಲ್ಲಿ ಬಂದ ಬುಟ್ಟಿ

೬-೧-೨೦೨೬, ಮಂಗಳವಾರ

ಅಂಗಾರಕ ಸಂಕಷ್ಟಿ, ಉಪವಾಸ. ಬೆಳಿಗ್ಗೆ ಅಂಗಳ ಗುಡಿಸಿ ಗರಿಕೆ ಕೊಯ್ಯುತ್ತಿದ್ದಾಗ ಮೀನಿನ ನಾಗು ಬಂದಳು. ಸಂಕಷ್ಟಿ, ಇವತ್ತು ಮೀನು ಬೇಡ ಎಂದೆ.

“ಹ್ವಾಯ್ ಅಮ್ಮ, ನಿನ್ನೆ ಸೋಮಾರ ಅಂದ್ರಿ. ಮೊನ್ನೆ ಆಯ್ತಾರ ಯಾವ ದೇವ್ರದ್ದ್? ಟೀವಿ ದೇವ್ರದ್ದಾ?” ಎಂದು ನಗಾಡಿದಳು.

ಕೈಯಲ್ಲಿ ಗರಿಕೆ ಇತ್ತಲ್ಲ, ನಾನು ಬುಟ್ಟಿ ಎತ್ತಲು ಕೈ ಹಚ್ಚಲಿಲ್ಲ. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೇರಿಸಿ ಹೋದಳು.

ಅವಳು ಹೇಳಿದ್ದು ಸರಿ. ಎಲ್ಲಿಯದೋ ಊರಿನ ಕೊಳೆತ ಮೀನಿನ ಒಂದೇ ಬುಟ್ಟಿಯನ್ನು ಟೀವಿಯವರು ನಾಲ್ಕು ದಿನದಿಂದ ತೋರಿಸುತ್ತಿದ್ದಾರೆ. ನಮ್ಮೂರಿನವರೆಲ್ಲ ಮೀನು ಬಿಟ್ಟಿದ್ದಾರೆ. ಇಪ್ಪತ್ತು ವರ್ಷ ನಾಗು ತಂದ ಮೀನು ತಿಂದ ನಾನೂ ದೇವರನ್ನು ಅಡ್ಡ ಹಿಡಿದೆ.

ಚಂದ್ರನಿಗೆ ಕಾಯುತ್ತಾ ಜಗಲಿಯಲ್ಲೇ ಜೊಂಪು ಹತ್ತಿತು. ಅಂಗಳವೆಲ್ಲ ಕಡಲು. ನಾಗು ಹೊಳೆಯುವ ಬಂಗುಡೆಗಳನ್ನು ನೀರಿನಿಂದ ಎತ್ತಿ ಕೊಡುತ್ತಿದ್ದಳು. ನನ್ನ ಕೈಗೆ ಬಂದದ್ದೆಲ್ಲ ಟೀವಿಯ ಮೀನಾಗುತ್ತಿತ್ತು. ಕಣ್ಣು ಬಿಟ್ಟಾಗ ಚಂದ್ರ ಬಂದಿದ್ದ, ಅಂಗಳ ಅಂಗಳವೇ ಆಗಿತ್ತು. ಅರ್ಘ್ಯ ಬಿಟ್ಟೆ. ಗಣಪತಿಯ ಹತ್ತಿರ ಏನನ್ನೂ ಕೇಳಲು ಬಾಯಿ ಬರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಸೊಸೆಗೆ ಹೇಳಬೇಕು. ವಿನಯಾ, ನಾಗು ಮನೆಗೊಮ್ಮೆ ಹೋಗಿ ಬಾ. ಅಮ್ಮ ಬಂಗುಡೆ ಕೇಳಿದ್ದಾರೆ ಅನ್ನು. ಅವಳು ಏನಂದಳೆಂದು ಬಂದು ಹೇಳು, ಬೈದರೂ ಬೈದ ಹಾಗೆಯೇ ಹೇಳು.