ಹತ್ತು ಗಂಟೆಯ ಗುರುತು

ಮನೆ, ಮಹಡಿಯ ಕೋಣೆ
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ನಾನು ಬರೆದುಕೊಟ್ಟ ಮಾತ್ರೆಗಳು ಇನ್ನೂ ಡಬ್ಬಿಯಲ್ಲೇ ಕೂತಿವೆಯೇ? ನರ್ಸುಗಳಷ್ಟು ಹಟಮಾರಿ ರೋಗಿಗಳು ಈ ಲೋಕದಲ್ಲಿಲ್ಲ, ಡಾಕ್ಟರುಗಳನ್ನು ಬಿಟ್ಟರೆ. ನಿನ್ನ ಮಗಳ ಪರೀಕ್ಷೆ ಮುಗಿದಿರಬೇಕು, ದೊಡ್ಡಮ್ಮ ಕೇಳಿದಳೆಂದು ಹೇಳು. ಅಮ್ಮ ಚೆನ್ನಾಗಿದ್ದಾಳೆ. ಕಿವಿ ಮಾತ್ರ ತನಗೆ ಬೇಕಾದಾಗ ಕೇಳಿಸುತ್ತದೆ, ಬೇಡವಾದಾಗ ಇಲ್ಲ. ನಿನ್ನೆ ಊಟಕ್ಕೆ ಕೂತಾಗಲೂ ನಿನ್ನನ್ನು ಬೈದಳು: ‘ಅಕ್ಕ ಇರೋ ಆಸ್ಪತ್ರೆ, ತೆಪ್ಪಗೆ ಇರೋಕೆ ಏನಾಗಿತ್ತು ಅವಳಿಗೆ? ಮೂಗಿನ ತುದೀಲೇ ಕೋಪ!’ ನಾನು ತಲೆ ತಗ್ಗಿಸಿಕೊಂಡು ಉಂಡು ಎದ್ದೆ. ನಾಲ್ಕು ವರ್ಷದಿಂದ ಹೀಗೆಯೇ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದೇನೆ. ಫೋನಿರುವಾಗ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ‘ಇರ್ಲಿ ಬಿಡಕ್ಕ’ ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಕಾಗದದ ನಡುವೆ ನೀನು ಬಾಯಿ ಹಾಕುವಂತಿಲ್ಲ.

ಹೆರಿಗೆ ವಾರ್ಡಿಗೆ ಹೊಸ ಬಣ್ಣ ಬಳಿದಿದ್ದಾರೆ, ತಿಳಿ ಹಸಿರು. ನೀನು ಕೂರುತ್ತಿದ್ದ ಮರದ ಸ್ಟೂಲನ್ನು ಉಗ್ರಾಣಕ್ಕೆ ಹಾಕಿಬಿಟ್ಟರು. ಈಗ ಯಾರೂ ಹಾಸಿಗೆಯ ಪಕ್ಕ ಕೂರುವುದಿಲ್ಲ, ಎಲ್ಲರೂ ಹೊರಗೆ ಪರದೆಯ ಮುಂದೆ ಕೂತು ಮಗುವಿನ ಎದೆಬಡಿತದ ಗೆರೆ ನೋಡುತ್ತಾರೆ. ಹೊಸ ಡಾಕ್ಟರುಗಳು ಬಲು ಚುರುಕು, ಅರ್ಧ ಗಂಟೆಯಲ್ಲಿ ಕುಯ್ದು, ಮಗು ತೆಗೆದು, ಹೊಲಿದು ಕೈ ತೊಳೆದಿರುತ್ತಾರೆ. ಹತ್ತು ಹೆರಿಗೆಯಲ್ಲಿ ಆರು ಆಪರೇಷನ್ ಟೇಬಲ್ಲಿನ ಮೇಲೇ ಆಗುತ್ತಿವೆ. ಕಾಯುವುದೊಂದು ಅವರಿಗೆ ಗೊತ್ತಿಲ್ಲ. ಕಲಿಸಬೇಕಾದವಳು ನಾನು, ನಾನು ಕಲಿಸಿದ್ದು ಬೇರೆ. ‘ಕುಯ್ದವಳನ್ನ ಯಾಕೆ ಕುಯ್ದೆ ಅಂತ ಯಾರೂ ಕೇಳಲ್ಲ ಕಣ್ರೇ, ಕಾದವಳನ್ನೇ ಎಲ್ರೂ ಕೇಳೋದು’ ಎಂದು ಪ್ರತಿ ವರ್ಷ ಹೊಸಬರ ಮುಂದೆ ಹೇಳಿ ನಗಿಸುತ್ತಿದ್ದೆ. ನೀನು ಮಾತ್ರ ನಗುತ್ತಿರಲಿಲ್ಲ. ಥೂ, ಎಂಥ ಮಾತು ಅದು!

ಇನ್ನು ಸುತ್ತು ಬಳಸಿ ಹೇಳುವುದಿಲ್ಲ. ಆ ಮಂಗಳವಾರದ ವಿಷಯ ಬರೆಯಲೆಂದೇ ಕೂತಿದ್ದು. ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇದನ್ನು ನಿನ್ನ ಮಗಳೂ ಓದಬೇಕು. ಹೆರಿಗೆ ಕೋಣೆಯಲ್ಲಿ ಒಂದು ಚೌಕುಳಿ ಹಾಳೆ ಇರುತ್ತದೆ, ಮಗಳೇ. ಗರ್ಭದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯಿತು ಎಂದು ನರ್ಸು ಅದರಲ್ಲಿ ಗುರುತು ಹಾಕುತ್ತಾ ಹೋಗುತ್ತಾಳೆ. ಹಾಳೆಯ ಮೇಲೆ ಮೊದಲೇ ಅಚ್ಚಾದ ಓರೆಗೆರೆಯೊಂದಿದೆ. ಗುರುತುಗಳು ಆ ಗೆರೆ ದಾಟಿದರೆ ಹೆರಿಗೆ ತಡವಾಗುತ್ತಿದೆ, ಡಾಕ್ಟರನ್ನು ಕರೆಯಬೇಕು ಎಂದರ್ಥ. ಚೊಚ್ಚಲ ಹೆರಿಗೆಯ ಹೊಲಿಗೆ ಟೀಚರೊಬ್ಬಳು ಅಂದು ಬೆಳಿಗ್ಗೆ ಆರಕ್ಕೆ ಸಣ್ಣ ನೋವೆಂದು ಬಂದಿದ್ದಳು. ನಿಜವಾದ ನೋವು ಶುರುವಾದದ್ದು ಹತ್ತಕ್ಕೆ, ನಿನ್ನಮ್ಮ ಮೊದಲ ಗುರುತು ಹಾಕಿದ್ದೂ ಹತ್ತಕ್ಕೇ. ಮಧ್ಯಾಹ್ನ ಒಂದಕ್ಕೆ ನಾನು ಹೋದಾಗ ಎಲ್ಲವೂ ಗೆರೆಯ ಒಳಗೇ ಇತ್ತು. ತಾಯಿ ಬೆವರುತ್ತಿದ್ದಳು, ಮಗುವಿನ ಎದೆಬಡಿತ ಚೆನ್ನಾಗಿತ್ತು. ‘ಇನ್ನೂ ಹೊತ್ತಿದೆ ಅಕ್ಕ, ತಾನಾಗೇ ಆಗುತ್ತೆ, ಕಾಯೋಣ’ ಎಂದಳು ನಿನ್ನಮ್ಮ. ಅರಿವಳಿಕೆ ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಅವರು ದಿನಕ್ಕೆ ಮೂರು ಆಸ್ಪತ್ರೆ ಸುತ್ತುವವರು. ‘ಮಾಡೋದಾದ್ರೆ ಈಗ ಮಾಡಿ ಮೇಡಂ, ಎರಡರ ಮೇಲೆ ನಾನಿರಲ್ಲ’ ಎಂದರು. ನಾನು ಕುಯ್ದೆ. ಬೇರೆ ಕಾರಣ ಇರಲಿಲ್ಲ ಗುಬ್ಬಿ, ಅದೊಂದೇ.

ಮಗು ಅತ್ತಿತು. ತಾಯಿಗೆ ರಕ್ತ ನಿಲ್ಲಲಿಲ್ಲ. ಕೊನೆಗೆ ಅವಳ ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಮನೆಯವರು ದೂರು ಕೊಟ್ಟರು, ಪರಿಶೀಲನಾ ಸಮಿತಿ ಫೈಲು ಕೇಳಿತು. ಫೈಲು ಹೋಗುವ ಮೊದಲು ಗಲೀಜಾದ ಹಾಳೆಗಳನ್ನು ಅಂದವಾಗಿ ಮತ್ತೆ ಬರೆದಿಡುವುದು ನಮ್ಮಲ್ಲಿ ರೂಢಿ, ಯಾರೂ ಅದನ್ನು ತಪ್ಪೆಂದುಕೊಂಡಿರಲಿಲ್ಲ. ನಿನ್ನ ಹಾಳೆಯನ್ನು ನಾನು ನನ್ನ ಕೋಣೆಗೆ ಒಯ್ದು ಮತ್ತೆ ಬರೆದೆ. ಬರೆಯುವಾಗ, ನಿಜವಾದ ನೋವು ಆರಕ್ಕೇ ಶುರುವಾಗಿತ್ತು ಎನ್ನುವ ಹಾಗೆ, ಹತ್ತು ಗಂಟೆಯ ಗುರುತನ್ನು ಆರು ಗಂಟೆಯ ಮನೆಗೆ ಸರಿಸಿದೆ. ಅಷ್ಟೇ ಮಾಡಿದ್ದು. ನಾಲ್ಕು ಚೌಕ. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ: ಗೆರೆ ದಾಟಿತ್ತು ಎಂದಾದರೆ ನಾನು ಕುಯ್ದದ್ದು ಸರಿಯಾಗುತ್ತದೆ. ಹೊಸ ಹಾಳೆಯ ಪ್ರಕಾರ ಗೆರೆ ಹನ್ನೆರಡಕ್ಕೇ ದಾಟಿದ್ದರೆ ನರ್ಸು ಒಂದರವರೆಗೆ ಸುಮ್ಮನೆ ಕೂತಿದ್ದೇಕೆ ಎಂದು ಸಮಿತಿಯವರು ಕೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ನಂಬುತ್ತೀಯೋ ಬಿಡುತ್ತೀಯೋ. ಇಪ್ಪತ್ತೆರಡು ವರ್ಷ ಡಾಕ್ಟರಾಗಿದ್ದವಳಿಗೆ ಅಷ್ಟೂ ಹೊಳೆಯಲಿಲ್ಲ ಎಂದರೆ ನಾನೂ ನಂಬುತ್ತಿರಲಿಲ್ಲ.

ಅವರು ಅದನ್ನೇ ಕೇಳಿದರು. ಹಾಳೆಯನ್ನು ಮೇಜಿನ ಮೇಲೆ ನಿನ್ನ ಕಡೆ ತಿರುಗಿಸಿ ಇಟ್ಟರು. ನೀನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಅದು ನಿನ್ನ ಕೈಯ ಗುರುತಲ್ಲವೆಂದು ನಿನಗೆ ಗೊತ್ತಾಗದೇ ಇರುತ್ತದೆಯೇ? ಆಮೇಲೆ ನನ್ನನ್ನು ನೋಡಿದೆ. ನಾನು ನೀರಿನ ಲೋಟ ನೋಡಿದೆ. ‘ಹೌದು ಸಾರ್, ನಾನೇ ಕರೆಯೋದು ತಡ ಮಾಡಿದೆ’ ಎಂದೆಯಲ್ಲ ಗುಬ್ಬಿ! ನಾನು ಬಾಯಿ ತೆರೆಯಲು ಅಲ್ಲಿ ಎಷ್ಟೊಂದು ಹೊತ್ತಿತ್ತು! ಕಾರ್ಯದರ್ಶಿ ಬರೆದುಕೊಂಡ, ಪುಟ ತಿರುಗಿಸಿದ, ಪೆನ್ನಿನ ಮುಚ್ಚಳ ಹಾಕಿದ. ನಾನು ತೆರೆಯಲಿಲ್ಲ. ನಿನ್ನ ಕೆಲಸ ಹೋಯಿತು, ನೀನೇ ಜಗಳವಾಡಿ ಬಿಟ್ಟೆಯೆಂದು ಅಮ್ಮ ಇಂದಿಗೂ ನಂಬಿದ್ದಾಳೆ. ಎರಡು ಸಾವಿರ ಕೂಸುಗಳನ್ನು ಹಿಡಿದ ಕೈ ಈಗ ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಸಾಲಾಗಿ ಕೂತವರ ಕಣ್ಣಿಗೆ ಹನಿ ಹಾಕುತ್ತಿದೆ. ಅದೇ ತಿಂಗಳು ನನ್ನನ್ನು ವಿಭಾಗದ ಮುಖ್ಯಸ್ಥೆ ಮಾಡಿದರು. ನೀನು ಫೋನ್ ಮಾಡಿ ಶುಭಾಶಯ ಹೇಳಿದೆ, ನಾನು ಥ್ಯಾಂಕ್ಸ್ ಎಂದೆ.

ಇಷ್ಟೆಲ್ಲ ಈಗ ಯಾಕೆ ಎಂದರೆ, ಮೊನ್ನೆ ಸೋಮವಾರ ಆ ಹೊಲಿಗೆ ಟೀಚರು ಓಪಿಡಿಗೆ ಬಂದಿದ್ದಳು. ಜೊತೆಗೆ ತುಂಬು ಬಸುರಿ ತಂಗಿ. ಆರೋಗ್ಯವಂತ ಹುಡುಗಿ, ಮಗುವಿನ ತಲೆ ಕೆಳಗಿದೆ, ಯಾವ ತೊಂದರೆಯೂ ಇಲ್ಲ. ಪರೀಕ್ಷೆ ಮಾಡಿ ‘ಆರಾಮಾಗಿ ನಾರ್ಮಲ್ ಆಗುತ್ತಮ್ಮ’ ಎಂದೆ. ಅಕ್ಕ ತಕ್ಷಣ, ‘ಬೇಡ ಡಾಕ್ಟ್ರೇ, ಇವಳಿಗೆ ಕಾಯೋದೇ ಬೇಡ. ದಿನ ನೋಡಿ ಮೊದಲೇ ಕುಯ್ದುಬಿಡಿ. ಕಾದಿದ್ದಕ್ಕೇ ಅಲ್ವಾ ನನಗೆ ಹಂಗಾಗಿದ್ದು’ ಎಂದಳು. ಹಾಗೇನಿಲ್ಲಮ್ಮ ಎನ್ನಲು ಹೋದೆ. ಅವಳು ಚೀಲದಿಂದ ಸಮಿತಿಯ ವರದಿ ತೆಗೆದಳು. ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾಳೆ! ‘ನೀವೇ ಸಹಿ ಹಾಕಿದ್ದೀರಲ್ಲ, ನೋಡಿ’ ಎಂದು, ಮುಖ್ಯಸ್ಥೆಯಾಗಿ ನಾನು ಹಾಕಿದ್ದ ಸಹಿಯನ್ನು ಬೆರಳಿಟ್ಟು ತೋರಿಸಿದಳು. ತಂಗಿ ಹೆದರಿದ ಕರುವಿನ ಹಾಗೆ ನನ್ನನ್ನೇ ನೋಡುತ್ತಿದ್ದಳು. ನಾನು ಸರಿಸಿದ ಗುರುತು ನಾಲ್ಕು ವರ್ಷ ಆ ಮನೆಯಲ್ಲೇ ಇದ್ದು, ಈಗ ಇನ್ನೊಬ್ಬಳ ಹೊಟ್ಟೆಯ ಮೇಲೆ ಕೈಯಿಟ್ಟಿತ್ತು.

ತಂಗಿಯನ್ನು ಹೊರಗೆ ಕೂರಿಸಿ, ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಹಂಗಾದ್ರೆ ಕಾದಿದ್ರೆ ನನಗೆ ಇನ್ನೊಂದು ಮಗು ಆಗ್ತಿತ್ತಾ?’ ಎಂದಳು. ‘ಖಚಿತವಾಗಿ ಹೇಳಲಾಗದು’ ಎಂಬ ನಮ್ಮ ಡಾಕ್ಟರರ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ‘ಆಗ್ತಿತ್ತಮ್ಮ’ ಎಂದೆ. ಅವಳು ವರದಿಯನ್ನು ಮೇಜಿನ ಮೇಲೇ ಬಿಟ್ಟು, ತಂಗಿಯ ಕೈ ಹಿಡಿದು ಹೊರಟುಹೋದಳು. ತಂಗಿಯನ್ನು ಬೇರೆ ಆಸ್ಪತ್ರೆಗೆ ಕರೆದೊಯ್ದರಂತೆ. ಅಲ್ಲಿ ಯಾರಾದರೂ ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂರುತ್ತಾರೋ ಇಲ್ಲವೋ, ತಿಳಿಯದು.

ಕ್ಷಮಿಸು ಎಂದು ಕೇಳಲು ಮುಖವಿಲ್ಲ. ಆದರೂ ಕೇಳುತ್ತೇನೆ, ಚಿಕ್ಕವಳಿದ್ದಾಗಿನಿಂದ ನಿನ್ನ ಪಾಲನ್ನು ಕಿತ್ತುಕೊಂಡು ಅಭ್ಯಾಸವಲ್ಲವೇ. ಅಮ್ಮನಿಗೆ ಇಂದು ಸಂಜೆ ಹೇಳುತ್ತೇನೆ. ಕಿವಿ ಕೇಳಿಸದಿದ್ದರೆ ಕೂಗಿ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ನಮಸ್ಕಾರ, ಮಗುವಿಗೆ ಆಶೀರ್ವಾದ. ಮಂಡಿಗೆ ಬಿಸಿನೀರಿನ ಶಾಖ ಕೊಡು.

ನಿನ್ನ
ಅಕ್ಕ

ಮರೆತಿದ್ದೆ: ನಿನ್ನ ಕೈಬರಹದ ಮೂಲ ಹಾಳೆಯನ್ನು ನಾನು ಹರಿದಿರಲಿಲ್ಲ. ಮೊನ್ನೆ ಶುಕ್ರವಾರ ಸಮಿತಿಗೆ ಕೊಟ್ಟು, ನಾನೇ ತಿದ್ದಿದ್ದೆಂದು ಬರೆದು ಸಹಿ ಹಾಕಿದೆ. ನನ್ನ ಪರವಾನಗಿ ಉಳಿಯುವುದು ಕಷ್ಟ, ಅದು ಇರಲಿ. ಇಪ್ಪತ್ತನೆಯ ತಾರೀಖು ನಿನ್ನನ್ನು ವಿಚಾರಣೆಗೆ ಕರೆಯುತ್ತಾರೆ. ಮೇಜಿನ ಮೇಲೆ ಎರಡೂ ಹಾಳೆ ಇಟ್ಟು, ನಿನ್ನದು ಯಾವುದು ಎಂದು ಕೇಳುತ್ತಾರೆ. ನಾನೂ ಎದುರಿಗೇ ಇರುತ್ತೇನೆ. ದಮ್ಮಯ್ಯ ಗುಬ್ಬಿ, ಈ ಸಲ ನನ್ನ ಮುಖ ನೋಡಬೇಡ.